ಒಂದು ವಿಸಿಲ್ ನಿಲ್ಲು, ಎರಡು ವಿಸಿಲ್ ಹೋಗು

ಕಾಸರಗೋಡಿನ ಒಳದಾರಿಯಲ್ಲಿ ಕ್ಯಾಂಪರ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಂಡು ತಿರುಗುವ ದೊಡ್ಡ ವ್ಯಾನನ್ನು ರಿವರ್ಸ್ ತೆಗೆಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ಎರಡು ಬದಿಗೂ ಕೆಂಪುಕಲ್ಲಿನ ಗೋಡೆ, ಒಂದು ಕಡೆ ಮಳೆನೀರಿನ ಕಣಿ, ತಲೆಯ ಮೇಲೆ ಬಾಗಿದ ತೆಂಗಿನ ಮಡಲು. ಗಂಡನೋ ಹೆಂಡತಿಯೋ ಇಳಿದು ಹಿಂದೆ ನಿಂತು ‘ಬರ್ಲಿ, ಬರ್ಲಿ’ ಎಂದು ಕೂಗುತ್ತಾರೆ. ಹಳೆಯ ಡೀಸೆಲ್ ಎಂಜಿನಿನ ಸದ್ದಿನಲ್ಲಿ ‘ಬರ್ಲಿ’ಯೂ ‘ಬೇಡ’ವೂ ಒಂದೇ ರೀತಿ ಕೇಳುತ್ತದೆ. ಬಂಪರ್ ಗೋಡೆಗೆ ತಾಗಿದ ಮೇಲೆ ಯಾರು ಏನು ಹೇಳಿದರು ಎಂಬ ಮಾತು ಮುಂದಿನ ಐವತ್ತು ಕಿಲೋಮೀಟರ್ ಮುಗಿಯುವುದಿಲ್ಲ.

ಇದಕ್ಕೆ ಪರಿಹಾರ ನಮ್ಮೂರ ಬಸ್ಸುಗಳಲ್ಲೇ ಇದೆ. ಕಂಡಕ್ಟರನ ವಿಸಿಲ್. ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೋಗು, ಮೂರನೆಯ ಅರ್ಥ ಯಾವುದೂ ಇಲ್ಲ. ಇಳಿದವರು ವ್ಯಾನಿನ ನೇರ ಹಿಂದೆ ನಿಲ್ಲಬಾರದು. ಹಿಂದಿನ ಬಲಮೂಲೆಯಿಂದ ಎರಡು ಮಾರು ದೂರದಲ್ಲಿ, ಡ್ರೈವರಿನ ಬಲಗನ್ನಡಿಯಲ್ಲಿ ಮುಖ ಕಾಣುವಂತೆ ನಿಲ್ಲಬೇಕು. ಕನ್ನಡಿಯಿಂದ ಆ ಮುಖ ಮರೆಯಾದ ಕ್ಷಣವೇ ವಿಸಿಲಿಗೆ ಕಾಯದೆ ಬ್ರೇಕ್ ಒತ್ತಬೇಕು. ಊದುವ ಮೊದಲು ಮೇಲೊಮ್ಮೆ ನೋಡುವುದೂ ಇಳಿದವರ ಕೆಲಸ. ಛಾವಣಿಯ ಎತ್ತರವನ್ನು ಸೋಲಾರ್ ಪ್ಯಾನೆಲ್ ಸೇರಿಸಿ ಒಮ್ಮೆ ಅಳೆದು ಡ್ಯಾಶ್‌ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಕರಾವಳಿಯ ರೈಲು ಹಳಿಯ ಕೆಳಗಿನ ತಗ್ಗು ದಾರಿಗಳ ಮುಂದೆ ನಿಂತು ಅಂದಾಜು ಮಾಡುವುದು ಸಲ್ಲದು.

ವಿಸಿಲಿನಿಂದ ಆರಂಭಿಸಲು ಕಾರಣವಿದೆ. ಹಳೆಯ ಕ್ಯಾಂಪರ್ ವ್ಯಾನಿನಲ್ಲಿ ದೂರ ಹೋಗುವ ಜೋಡಿಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಎಲ್ಲವೂ ಗೊತ್ತಿರುತ್ತದೆ, ಇನ್ನೊಬ್ಬರು ಕಿಟಕಿ ಬದಿಯ ಪ್ರಯಾಣಿಕರಾಗಿರುತ್ತಾರೆ. ಗ್ಯಾಸಿನ ವಾಲ್ವ್ ಎಲ್ಲಿದೆ, ಯಾವ ಫ್ಯೂಸ್ ಯಾವುದಕ್ಕೆ, ಜಾಕ್ ಎಲ್ಲಿಗೆ ಕೊಡಬೇಕು ಎಂಬುದು ಒಬ್ಬರ ತಲೆಯಲ್ಲೇ ಉಳಿದರೆ, ಅವರಿಗೆ ಜ್ವರ ಬಂದ ದಿನ ವ್ಯಾನೂ ಮಲಗುತ್ತದೆ. ಜಗಳಕ್ಕೂ ಬ್ರೇಕ್‌ಡೌನಿಗೂ ಬೇರು ಒಂದೇ ಕಡೆ ಇದೆ ಎಂದು ನಾವು ನಂಬುತ್ತೇವೆ. ಆದ್ದರಿಂದ ಮುಂದೆ ಹೇಳುವ ಪ್ರತಿಯೊಂದನ್ನೂ ಇಬ್ಬರೂ ಕೈಯಾರೆ ಒಮ್ಮೆ ಮಾಡಿ ನೋಡಿರಬೇಕು. ನೋಡಿ ಗೊತ್ತಿರುವುದು ಸಾಲದು.

ಕ್ಯಾಂಪರ್ ಮಾಡಲು ನಮ್ಮ ಕಡೆ ಸುಲಭವಾಗಿ ಸಿಗುವುದು ಹಳೆಯ ಟೆಂಪೋ ಟ್ರಾವೆಲರ್. ಬಜಾಜ್ ಟೆಂಪೋ ಕಂಪನಿ 1987ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಲೈಸೆನ್ಸಿನಲ್ಲಿ ಇದನ್ನು ತಂದಿತು; 2005ರಲ್ಲಿ ಕಂಪನಿಯ ಹೆಸರು ಫೋರ್ಸ್ ಮೋಟಾರ್ಸ್ ಆಯಿತು. ಹಳೆಯ ಗಾಡಿಗಳ ಎಂಜಿನ್ ಮರ್ಸಿಡಿಸ್ ಓಎಂ 616ರ ಸಂತತಿಯದು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಡೀಸೆಲ್ ತಳ್ಳುವ ಪಂಪು, ಅದನ್ನು ಚಿಮುಕಿಸುವ ನೋಝಲ್, ತಣ್ಣಗಿನ ಎಂಜಿನನ್ನು ಒಳಗಿನಿಂದ ಕಾಯಿಸುವ ಹೀಟರ್ ಪ್ಲಗ್ ಅರ್ಥವಾದವರು ಎಲ್ಲಿ ಬೇಕಾದರೂ ರಿಪೇರಿ ಮಾಡುತ್ತಾರೆ. ಮಾರುತಿ ಓಮ್ನಿಯಲ್ಲೂ ಮಲಗಬಹುದು, ಆದರೆ 796 ಸಿಸಿಯ ಎಂಜಿನಿಗೆ ಇಬ್ಬರು, ನೀರು, ಹಾಸಿಗೆ, ಅಡುಗೆ ಸಾಮಾನು ಹೇರಿ ಘಾಟಿ ಹತ್ತಿಸುವುದು ಅದಕ್ಕೆ ಕೊಡುವ ಶಿಕ್ಷೆ.

ಕೊಳ್ಳುವಾಗ ಎಂಜಿನಿಗಿಂತ ಮೊದಲು ಬಾಡಿ ನೋಡಿ. ಎಂಜಿನ್ ಬಿಚ್ಚಿ ಕಟ್ಟಬಹುದು, ತುಕ್ಕು ತಿಂದ ಬಾಡಿಗೆ ಕೊನೆಯಿಲ್ಲ. ಉಪ್ಪುಗಾಳಿ ಮತ್ತು ವರ್ಷಕ್ಕೆ 3000 ಮಿ.ಮೀ. ದಾಟುವ ಮಳೆ ಸೇರಿ ನಮ್ಮ ಕಡೆಯ ಗಾಡಿಗಳನ್ನು ಒಳಗಿನಿಂದ ತಿನ್ನುತ್ತವೆ. ಹತ್ತುವ ಮೆಟ್ಟಿಲಿನ ಕೆಳಭಾಗ, ಚಕ್ರದ ಮೇಲಿನ ಕಮಾನು, ಕಿಟಕಿ ರಬ್ಬರಿನ ಅಂಚು, ಛಾವಣಿಯ ನೀರಿನ ಕಾಲುವೆ, ಈ ನಾಲ್ಕು ಕಡೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಪುಟ್ಟಿ ತುಂಬಿದ ಜಾಗ ಮರ ತಟ್ಟಿದಂತೆ ದಪ್ಪಗೆ ಕೇಳುತ್ತದೆ. ಹೊಸ ಪೇಂಟ್ ಹೊಡೆದ ಹಳೆಯ ವ್ಯಾನಿಗೆ ಇನ್ನಷ್ಟು ಹೊತ್ತು ತಟ್ಟಬೇಕು.

ಕಾಗದಪತ್ರದ ಮಾತು ಚಿಕ್ಕದಾಗಿ ಹೇಳುತ್ತೇವೆ. ಹಳದಿ ಬೋರ್ಡಿನ ಗಾಡಿಯನ್ನು ಖಾಸಗಿಗೆ ಬದಲಾಯಿಸುವುದು, ಸೀಟು ತೆಗೆದು ಹಾಸಿಗೆ ಹಾಕುವುದು ಎರಡಕ್ಕೂ ಆರ್‌ಟಿಒ ಒಪ್ಪಿಗೆ ಬೇಕು. ಸೀಟು ತೆಗೆಯುವಂಥ ಮಾರ್ಪಾಡಿನ ಬಗ್ಗೆ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಹೇಳುತ್ತದೆ. ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಮಂಗಳೂರಿನಲ್ಲಿ ಕೊಂಡ ಕೆಎ-19 ಗಾಡಿಯನ್ನು ಕಾಸರಗೋಡಿನಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟರೆ ಎನ್‌ಒಸಿ ತಂದು ಕೆಎಲ್-14 ಮಾಡಿಸಲೇಬೇಕು. ಗಡಿನಾಡಿನಲ್ಲಿ ಇದನ್ನು ಮರೆಯುವವರು ಬಹಳ.

ಇನ್ನು ತೂಕ. ಸೀಟು ತೆಗೆದಿದ್ದೇವಲ್ಲ, ಹಗುರವಾಗಿದೆ ಎಂಬ ಭಾವನೆ ಮೋಸ ಮಾಡುತ್ತದೆ. ಲೆಕ್ಕ ಹಾಕಿ ನೋಡಿ. ಇಬ್ಬರು 130 ಕೆ.ಜಿ., ನೀರು 60, ಮಂಚ ಮತ್ತು ಕಪಾಟಿಗೆ 12 ಮಿ.ಮೀ. ಪ್ಲೈವುಡ್ ನಾಲ್ಕು ಶೀಟ್ ಎಂದರೆ ಸುಮಾರು 95, ಬ್ಯಾಟರಿ 28, ಡೀಸೆಲ್ 60 ಲೀಟರಿಗೆ 50, ತುಂಬಿದ ಗ್ಯಾಸ್ ಸಿಲಿಂಡರ್ 13, ಹಾಸಿಗೆ 20, ಟೂಲ್ಸ್ 20, ಬಟ್ಟೆಬರೆ ಪಾತ್ರೆಪಗಡಿ 50. ಒಟ್ಟು 460 ದಾಟಿತು. ಕೆಂಪುಕಲ್ಲಿನ ಲಾರಿಗಳು ತೂಗಿಸಲು ಹೋಗುವ ಯಾವುದೇ ವೇ ಬ್ರಿಡ್ಜಿಗೆ ಎಲ್ಲವನ್ನೂ ತುಂಬಿಸಿಕೊಂಡು ಹೋಗಿ. ಮೊದಲು ಪೂರ್ತಿ ಗಾಡಿ, ಆಮೇಲೆ ಮುಂದಿನ ಚಕ್ರ ಮಾತ್ರ, ಕೊನೆಗೆ ಎಡಬದಿಯ ಎರಡು ಚಕ್ರ ಮಾತ್ರ ತಟ್ಟೆಯ ಮೇಲೆ. ಮೂರು ಚೀಟಿಯಿಂದ ನಾಲ್ಕೂ ಕಡೆಯ ಭಾರ ತಿಳಿಯುತ್ತದೆ. ಅಡುಗೆ ಕಟ್ಟೆ, ನೀರಿನ ಟ್ಯಾಂಕ್, ಬ್ಯಾಟರಿ ಮೂರನ್ನೂ ಒಂದೇ ಗೋಡೆಗೆ ಕೂರಿಸುವುದು ಎಲ್ಲರೂ ಮಾಡುವ ತಪ್ಪು. ವರ್ಷದೊಳಗೆ ಆ ಬದಿಯ ಪ್ಲೇಟ್ ಸೆಟ್ (ಲೀಫ್ ಸ್ಪ್ರಿಂಗ್) ಕುಸಿದು ವ್ಯಾನ್ ಸೊಂಟ ನೋವಿನವರಂತೆ ವಾಲಿ ನಿಲ್ಲುತ್ತದೆ. ನೀರಿನ ಟ್ಯಾಂಕ್ ಎರಡು ಆಕ್ಸಲ್‌ಗಳ ನಡುವೆ, ನೆಲಕ್ಕೆ ಹತ್ತಿರ ಇರಲಿ. ಹಿಂದಿನ ಆಕ್ಸಲ್ ದಾಟಿ ಭಾರ ಇಟ್ಟರೆ ತಿರುವಿನಲ್ಲಿ ಬಾಲ ಬೀಸುತ್ತದೆ.

ಟೈರಿನ ಬದಿಯಲ್ಲಿ ಡಾಟ್ (DOT) ಎಂದು ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರದ್ದು. ಕ್ಯಾಂಪರ್ ಕಡಿಮೆ ಓಡುವ ಗಾಡಿ, ಟೈರಿನ ಬಟನ್ (ಹಲ್ಲು) ಸವೆಯುವ ಮೊದಲೇ ರಬ್ಬರ್ ಸಾಯುತ್ತದೆ. ಆರು ವರ್ಷ ದಾಟಿದ್ದನ್ನು ಬದಲಿಸಿ, ಸ್ಟೆಪ್ನಿಯನ್ನೂ ಸೇರಿಸಿ.

ವಸ್ತು ಇಡುವ ಕ್ರಮಕ್ಕೆ ವೇಷ ಕಟ್ಟುವ ಜಾಗವಾದ ಯಕ್ಷಗಾನದ ಚೌಕಿಗಿಂತ ಒಳ್ಳೆಯ ಗುರು ಬೇರೆ ಇಲ್ಲ. ಮೇಳ ದಿನಕ್ಕೊಂದು ಊರಿಗೆ ಹೋಗುತ್ತದೆ, ಚೌಕಿಯಲ್ಲಿ ಯಾರ ಪೆಟ್ಟಿಗೆ ಎಲ್ಲಿ ಎಂಬುದು ಮಾತ್ರ ಬದಲಾಗುವುದಿಲ್ಲ. ಕತ್ತಲಲ್ಲಿ ಕೈ ಚಾಚಿದರೆ ಬಣ್ಣದ ಪೆಟ್ಟಿಗೆ ಸಿಗಬೇಕು. ವ್ಯಾನಿನಲ್ಲೂ ಟಾರ್ಚ್, ವಿಸಿಲ್, ಮದ್ದಿನ ಡಬ್ಬಿ, ಗ್ಯಾಸಿನ ಕೀ, ಚಕ್ರದ ಅಡೆ ಈ ಐದಕ್ಕೆ ಜಾಗ ಒಮ್ಮೆ ನಿಶ್ಚಯಿಸಿದರೆ ಮತ್ತೆ ಕದಲಿಸಬಾರದು. ಇಬ್ಬರೂ ಕಣ್ಣು ಮುಚ್ಚಿ ಮುಟ್ಟಿ ತೋರಿಸುವ ಹಾಗಿರಬೇಕು.

ಮಂಚದ ಮೇಲೆ ನೇರ ಪ್ಲೈವುಡ್, ಅದರ ಮೇಲೆ ಹಾಸಿಗೆ ಎಂದರೆ ಒಂದು ತಿಂಗಳಲ್ಲಿ ಬೂಸಲು. ರಾತ್ರಿ ಇಬ್ಬರ ಉಸಿರು ಬೆವರಿನಿಂದ ಅರ್ಧ ಲೀಟರಿನಷ್ಟು ನೀರು ಗಾಳಿಗೆ ಸೇರುತ್ತದೆ. ಹಾಸಿಗೆಯ ಅಡಿ ತಂಪು, ಅಲ್ಲಿ ಅದು ನೀರಾಗಿ ನಿಲ್ಲುತ್ತದೆ. ನಮ್ಮ ತೋಟಗಳಲ್ಲೇ ಇದಕ್ಕೆ ಮದ್ದಿದೆ: ಅಡಿಕೆ ಮರದ ಸಲಾಕೆ. ಚೆನ್ನಾಗಿ ಒಣಗಿದ, ಎರಡಿಂಚು ಅಗಲದ ಸಲಾಕೆಗಳನ್ನು ನಾರು ಹೋಗುವಂತೆ ಉಜ್ಜಿ, ನಡುವೆ 4 ಸೆಂ.ಮೀ. ಬಿಟ್ಟು ಅಡ್ಡಪಟ್ಟಿಗೆ ಸ್ಕ್ರೂ ಹಾಕಿ. ಮೊಳೆ ಹೊಡೆದರೆ ಸೀಳುತ್ತದೆ, ಸ್ಕ್ರೂವಿಗೂ ಮೊದಲು ಡ್ರಿಲ್ ಹಾಕಿಯೇ ಕೂರಿಸಬೇಕು. ಹುಳ ಹಿಡಿಯದಿರಲೆಂದು ಮನೆಯ ಪಕ್ಕಾಸಿಗೆ ಬಳಿದಂತೆ ಗೇರೆಣ್ಣೆ ಬಳಿಯುವವರಿದ್ದಾರೆ. ಮಲಗುವ ಜಾಗಕ್ಕೆ ಅದು ಬೇಡವೇ ಬೇಡ, ಮೈಗೆ ತಾಗಿದರೆ ಚರ್ಮ ಸುಡುತ್ತದೆ. ಎದುರುಬದುರಿನ ಎರಡು ಕಿಟಕಿ ರಾತ್ರಿಯಿಡೀ ಎರಡು ಬೆರಳಷ್ಟು ತೆರೆದಿರಲಿ, ಸೊಳ್ಳೆ ಬಲೆಯೊಂದಿಗೆ.

ಕರೆಂಟಿನ ವಿಷಯದಲ್ಲಿ ಜನ ದುಡ್ಡು ಸುರಿಯುವುದು ಪ್ಯಾನೆಲಿಗೆ, ತಪ್ಪುವುದು ವೈರಿನಲ್ಲಿ. ದಿನದ ಖರ್ಚು ಮೊದಲು ನೋಡೋಣ. ಕಡಿಮೆ ಕರೆಂಟು ತಿನ್ನುವ 12 ವೋಲ್ಟಿನ ಬಿಎಲ್‌ಡಿಸಿ ಫ್ಯಾನ್ 25 ವಾಟ್, ಎಂಟು ಗಂಟೆಗೆ 200 ವಾಟ್-ಅವರ್. ಎರಡು ಎಲ್ಇಡಿ ದೀಪ 40, ಫೋನುಗಳು 30, ನೀರಿನ ಪಂಪ್ 10. ಒಟ್ಟು 280. 100 ಆಂಪಿಯರ್-ಅವರಿನ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ ಕೈಗೆ ಸಿಗುವುದು 600. ಬಿಸಿಲಿಲ್ಲದೆಯೂ ಎರಡು ರಾತ್ರಿ ಕಳೆಯಬಹುದು. ಇದಕ್ಕೊಂದು ಫ್ರಿಜ್ ಸೇರಿಸಿದರೆ ದಿನಕ್ಕೆ ಇನ್ನೂ 400ರಿಂದ 500 ಬೇಕು. ಬ್ಯಾಟರಿ ಎರಡಾಗುತ್ತದೆ, ಪ್ಯಾನೆಲ್ ಎರಡಾಗುತ್ತದೆ, ತೂಕ ಏರುತ್ತದೆ. ಹಳೆಯ ವ್ಯಾನಿಗೆ ಫ್ರಿಜ್ ಬೇಡ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಇನ್ಸುಲಿನ್ ಒಯ್ಯಬೇಕಾದವರ ವಿಷಯ ಬೇರೆ, ಅವರಿಗೆ ಅದು ಅನಿವಾರ್ಯ.

ಈಗ ವೈರ್. ಓಡುವಾಗ ಎಂಜಿನ್ ತಿರುಗಿಸುವ ಕರೆಂಟಿನ ಯಂತ್ರ ಆಲ್ಟರ್ನೇಟರಿನಿಂದ, ಫ್ಯಾನು ದೀಪಕ್ಕೆಂದು ಹಿಂದೆ ಇಟ್ಟ ಬ್ಯಾಟರಿ ತುಂಬಬೇಕು. ಮುಂದಿನಿಂದ ಹಿಂದಕ್ಕೆ 5 ಮೀಟರ್ ಎಂದಿಟ್ಟುಕೊಳ್ಳಿ, ಹೋಗಿ ಬರುವುದಕ್ಕೆ 10 ಮೀಟರ್ ತಾಮ್ರ. ಮನೆ ವೈರಿಂಗಿನ ಅಭ್ಯಾಸದಲ್ಲಿ ಎಲೆಕ್ಟ್ರಿಷಿಯನ್ 6 ಚದರ ಮಿ.ಮೀ. ಹಾಕಿಬಿಡುತ್ತಾರೆ. 40 ಆಂಪಿಯರ್ ಹರಿದರೆ ಅದರಲ್ಲಿ 1.1 ವೋಲ್ಟಿಗಿಂತ ಹೆಚ್ಚು ನಷ್ಟ. ಮುಂದೆ 14.2 ಇದ್ದದ್ದು ಹಿಂದೆ 13 ಆಗಿ ಮುಟ್ಟುತ್ತದೆ. ಆ ಒತ್ತಡಕ್ಕೆ ಬ್ಯಾಟರಿ ಪೂರ್ತಿ ತುಂಬುವುದಿಲ್ಲ, ಅರೆಹೊಟ್ಟೆಯಲ್ಲಿದ್ದು ಇದ್ದು ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ವರ್ಷಕ್ಕೇ ಸಾಯುತ್ತದೆ. ಎಲ್ಲರೂ ಬ್ಯಾಟರಿ ಕಂಪನಿಯನ್ನು ಬೈಯುತ್ತಾರೆ. 25 ಚದರ ಮಿ.ಮೀ. ಕೇಬಲ್ ಹಾಕಿದರೆ ನಷ್ಟ 0.3 ವೋಲ್ಟಿನೊಳಗೆ ನಿಲ್ಲುತ್ತದೆ. ನಡುವೆ ವೋಲ್ಟೇಜ್ ನೋಡಿ ತಾನೇ ಕೂಡಿಸಿ ಬಿಡಿಸುವ ರಿಲೇ ಇರಲಿ. ಎಂಜಿನ್ ನಿಂತ ಮೇಲೆ ಫ್ಯಾನು, ಎಂಜಿನ್ ಸ್ಟಾರ್ಟ್ ಮಾಡುವ ಮುಂದಿನ ಬ್ಯಾಟರಿಯನ್ನು ಹೀರಬಾರದು. ಲಿಥಿಯಂ ಬ್ಯಾಟರಿಗೆ ಆ ರಿಲೇ ಸಾಲದು, ವೋಲ್ಟೇಜನ್ನೂ ಕರೆಂಟನ್ನೂ ಹದ ಮಾಡಿ ಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕು. ಎರಡೂ ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಫ್ಯೂಸ್. ಅಷ್ಟು ದಪ್ಪ ಕೇಬಲ್ ತಗಡಿಗೆ ಉಜ್ಜಿ ಷಾರ್ಟ್ ಆದರೆ ಬೆಂಕಿ ಹತ್ತಲು ನಿಮಿಷ ಬೇಡ. ಅರ್ತ್ ಕೊಡುವ ಜಾಗದಲ್ಲಿ ಪೇಂಟ್ ಕೆರೆದು, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಹಚ್ಚಿ. ಕರಾವಳಿಯಲ್ಲಿ ದೀಪ ಮಿಣುಕುವುದಕ್ಕೆ ಹೆಚ್ಚಾಗಿ ಆ ಒಂದು ಬೋಲ್ಟಿನ ತುಕ್ಕೇ ಕಾರಣ.

ಅಡುಗೆ ಎಂದರೆ ಮೊದಲು ಅನ್ನ. ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆ ಉರಿ ಬೇಕು, ವ್ಯಾನಿನೊಳಗೆ ಅಷ್ಟು ಹೊತ್ತು ಒಲೆ ಉರಿಸಿದರೆ ಗ್ಯಾಸೂ ಹೋಗುತ್ತದೆ, ಒಳಗೆ ಕೂರಲಾಗದ ಸೆಕೆ. ಹಾಗೆಂದು ಗಂಜಿ ಬಿಟ್ಟು ಇರುವುದು ನಮ್ಮ ಕಡೆಯವರಿಗೆ ಕಷ್ಟ. ಉಪಾಯ ಥರ್ಮಲ್ ಕುಕ್ಕರ್, ಬಿಸಿ ಹಿಡಿದಿಡುವ ಹೊರಡಬ್ಬಿಯೊಳಗೆ ಕೂರುವ ಪಾತ್ರೆ. ಒಂದು ಕುಡ್ತೆ ಅಕ್ಕಿಗೆ ಐದು ಕುಡ್ತೆ ನೀರು ಹಾಕಿ, ಹತ್ತು ನಿಮಿಷ ತಳತಳ ಕುದಿಸಿ, ಪಾತ್ರೆಯನ್ನು ಕುದಿಯುತ್ತಿರುವಾಗಲೇ ಹೊರಡಬ್ಬಿಗೆ ಇಳಿಸಿ ಮುಚ್ಚಿ. ಬೆಳಿಗ್ಗೆ ಹೊರಡುವಾಗ ಇಳಿಸಿದ್ದು ಮಧ್ಯಾಹ್ನ ನಿಲ್ಲಿಸಿದಲ್ಲಿ ಅನ್ನವಾಗಿರುತ್ತದೆ. ಪಾತ್ರೆ ಅರ್ಧಕ್ಕಿಂತ ಖಾಲಿ ಇದ್ದರೆ ಬಿಸಿ ನಿಲ್ಲುವುದಿಲ್ಲ, ಇಬ್ಬರಿಗೆ ಚಿಕ್ಕ ಅಳತೆಯದ್ದನ್ನೇ ಕೊಳ್ಳಿ. ಜೊತೆಗೆ ಉಪ್ಪುನೀರಿನ ಮಾವಿನಕಾಯಿ, ಮಾಂಬಳ, ಹಪ್ಪಳ, ಚಟ್ನಿಪುಡಿ, ಅವಲಕ್ಕಿ. ಫ್ರಿಜ್ ಇಲ್ಲದ ಕಾಲದ ಮನೆಗಳು ಮಳೆಗಾಲಕ್ಕೆ ಕೂಡಿಡುತ್ತಿದ್ದವೆಲ್ಲ ವ್ಯಾನಿಗೆ ಹೇಳಿ ಮಾಡಿಸಿದಂತಿವೆ.

ಇಬ್ಬರಿಗೆ ದಿನದ ನೀರಿನ ಲೆಕ್ಕ ಹೀಗೆ: ಕುಡಿಯಲು 6 ಲೀಟರ್, ಅಡುಗೆಗೆ 4, ಪಾತ್ರೆಗೆ 5, ಕೈಕಾಲು ಮುಖಕ್ಕೆ 5. ಸ್ನಾನ ಸೇರಿಸಿದರೆ ಇನ್ನೂ 24. ಸ್ನಾನ ಹೊರಗೆ ಮಾಡಿಕೊಂಡರೆ 60 ಲೀಟರ್ ಮೂರು ದಿನಕ್ಕೆ ಬರುತ್ತದೆ. ಅಡಿಕೆ ಹಾಳೆಯ ತಟ್ಟೆ ಒಯ್ದರೆ ಪಾತ್ರೆಯ ನೀರು ಅರ್ಧವಾಗುತ್ತದೆ. ಕುಡಿಯುವ ನೀರನ್ನು ಟ್ಯಾಂಕಿನಿಂದ ಬೇರೆಯಾಗಿ ಸ್ಟೀಲ್ ಕ್ಯಾನಿನಲ್ಲಿಡಿ.

ಗ್ಯಾಸ್ ಐದು ಕೆ.ಜಿ. ಸಿಲಿಂಡರ್ ಸಾಕು. ದಿನಕ್ಕೆ ಎರಡು ಗಂಟೆ ಒಂದು ಬರ್ನರ್ ಉರಿದರೆ ಸುಮಾರು 250 ಗ್ರಾಂ, ಇಪ್ಪತ್ತು ದಿನ ಬಾಳುತ್ತದೆ. ಸೋರಿದ ಗ್ಯಾಸ್ ಗಾಳಿಗಿಂತ ಭಾರ, ಮೇಲೇರುವುದಿಲ್ಲ, ನೆಲದಲ್ಲೇ ಹರಡಿ ಮಂಚದ ಅಡಿ ಸೇರುತ್ತದೆ. ಕಿಟಕಿ ತೆರೆದಿಟ್ಟರೂ ಅದು ಹೋಗುವುದಿಲ್ಲ. ಆದ್ದರಿಂದ ಸಿಲಿಂಡರಿನ ಪೆಟ್ಟಿಗೆಯ ತಳದಲ್ಲಿ ನೇರ ರಸ್ತೆಗೆ ಕಾಣುವ 5 ಸೆಂ.ಮೀ. ತೂತು ಇರಲೇಬೇಕು, ಸಿಲಿಂಡರ್ ನೆಟ್ಟಗೆ ನಿಂತು ಬೆಲ್ಟಿನಲ್ಲಿ ಬಿಗಿದಿರಬೇಕು. ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬಿಗೆ ಐದು ವರ್ಷ ಆಯುಸ್ಸು. ವ್ಯಾನಿನ ಕುಲುಕಾಟಕ್ಕೆ ತಿಂಗಳಿಗೊಮ್ಮೆ ಸಾಬೂನು ನೀರು ಹಚ್ಚಿ ಗುಳ್ಳೆ ನೋಡಿ. ಆರಿಸುವಾಗ ಸಿಲಿಂಡರಿನ ಕಡೆ ಮೊದಲು ಮುಚ್ಚಿ, ಟ್ಯೂಬಿನಲ್ಲಿ ಉಳಿದದ್ದು ಉರಿದು ಹೋದ ಮೇಲೆ ಒಲೆಯ ಕಿವಿ ತಿರುಗಿಸಿ. ಚಳಿಗೆಂದು ಒಲೆ ಉರಿಸಿಟ್ಟು ಮಲಗುವುದು ಸಾವಿಗೆ ಬಾಗಿಲು ತೆರೆದಂತೆ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಕರೆದೊಯ್ಯುತ್ತದೆ. ಅದರ ಅಲಾರಂ ಒಂದು ದಿಂಬಿನ ಎತ್ತರದಲ್ಲಿ ಇರಲಿ.

ಇಷ್ಟು ಸಿದ್ಧವಾದ ಮೇಲೆ ಎಲ್ಲಿಗೆ ಎಂದರೆ, ಕಾಸರಗೋಡಿನ ಕನ್ನಡಿಗರಿಗೆ ನಾವು ಹೇಳುವ ಸುತ್ತು ಒಂದಿದೆ. ಸುಳ್ಯ, ಮಡಿಕೇರಿ, ಚಾಮರಾಜನಗರದ ಮೇಲೆ ತಮಿಳುನಾಡಿನ ತಾಳವಾಡಿ, ಅಲ್ಲಿಂದ ಹೊಸೂರು, ಆಂಧ್ರದ ಮಡಕಶಿರಾ, ರಾಯದುರ್ಗ, ಆದವಾನಿ, ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ಮತ್ತೆ ಘಟ್ಟ ಇಳಿದು ಮನೆಗೆ. ಸುಮಾರು ಎರಡು ಸಾವಿರ ಕಿಲೋಮೀಟರ್. ತಾಳವಾಡಿಯಿಂದ ಮುಂದಿನವು ಭಾಷಾವಾರು ರಾಜ್ಯ ವಿಂಗಡಣೆಯಲ್ಲಿ ಕರ್ನಾಟಕದ ಹೊರಗೆ ಉಳಿದ ನಮ್ಮಂಥದೇ ಊರುಗಳು. ಬೋರ್ಡಿನ ಲಿಪಿ ಮತ್ತೆ ಮತ್ತೆ ಬದಲಾಗುತ್ತದೆ, ಮೆಕ್ಯಾನಿಕ್ ಹತ್ತಿರ ಮಾತು ಮಾತ್ರ ಕನ್ನಡದಲ್ಲೇ ನಡೆಯುತ್ತದೆ. ಬ್ರೇಕಿನ ಸದ್ದು ಹೇಗಿದೆ ಎಂದು ನಮ್ಮ ಭಾಷೆಯಲ್ಲಿ ವಿವರಿಸಿ ಹೇಳಲು ಸಾಧ್ಯವಾಗುವುದು ಪರವೂರಿನಲ್ಲಿ ದೊಡ್ಡ ಬಲ. ದಿನಕ್ಕೆ 150ರಿಂದ 180 ಕಿ.ಮೀ., ಗಂಟೆಗೆ 50-55ರ ವೇಗ, ಎರಡು ದಿನ ಓಡಿದರೆ ಒಂದು ದಿನ ವಿರಾಮ. ಮೂರು ವಾರ ಬೇಕು. ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಆಟ ನಿಲ್ಲಿಸಿ ಗೆಜ್ಜೆ ಬಿಚ್ಚಿದ ಮೇಲೆ ಕರಾವಳಿಯಲ್ಲಿ ವ್ಯಾನ್ ತಿರುಗಿಸುವುದು ಬೇಡ. ನವೆಂಬರಿನಿಂದ ಫೆಬ್ರವರಿ ಸರಿಯಾದ ಕಾಲ. ಸೊಲ್ಲಾಪುರದ ಕಡೆ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ತಗಡಿನ ಕೆಳಗೆ ಮಲಗಲಾಗದು.

ಮೊದಲ ಪರೀಕ್ಷೆ ಮಡಿಕೇರಿಯ ಬೆಳಗಿನಲ್ಲೇ ಬರುತ್ತದೆ. ಕುಂಬಳೆಯ 26 ಡಿಗ್ರಿಯಲ್ಲಿ ಸೆಲ್ಫ್ ಮೋಟಾರಿನ (ಸ್ಟಾರ್ಟರಿನ) ಒಂದೇ ತಿರುವಿಗೆ ಹಿಡಿಯುತ್ತಿದ್ದ ಎಂಜಿನ್, 1100 ಮೀಟರಿಗೂ ಮೇಲಿನ ಡಿಸೆಂಬರಿನ ಚಳಿಯಲ್ಲಿ ಗುರುಗುಟ್ಟಿ ಸುಮ್ಮನಾಗುತ್ತದೆ. ಈ ಎಂಜಿನಿಗೆ ನಾಲ್ಕು ಹೀಟರ್ ಪ್ಲಗ್. ಎರಡು ಸತ್ತಿದ್ದರೂ ಕರಾವಳಿಯ ಸೆಕೆ ಅದನ್ನು ಮುಚ್ಚಿಡುತ್ತದೆ, ಘಟ್ಟದ ಮೇಲೆ ಬಯಲಾಗುತ್ತದೆ. ಇಲ್ಲಿ ಒಬ್ಬರು ಸೆಲ್ಫ್ ಹೊಡೆಯಬೇಕು, ಇನ್ನೊಬ್ಬರು ಸೈಲೆನ್ಸರ್ ನೋಡಬೇಕು. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಬರುತ್ತಿದೆ, ಹೊತ್ತುತ್ತಿಲ್ಲ, ತಪ್ಪು ಹೀಟರಿನದು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ಮುಟ್ಟಿಲ್ಲ. ಲೈನಿನಲ್ಲಿ ಏರ್ ಹಿಡಿದಿದೆ. ಈ ಒಂದು ನೋಟ ಅರ್ಧ ದಿನದ ಹುಡುಕಾಟ ಉಳಿಸುತ್ತದೆ, ಇಬ್ಬರಿಲ್ಲದೆ ಅದು ಆಗುವುದಿಲ್ಲ.

ಹೀಟರ್ ಎಂದಾದರೆ ಕೀಯನ್ನು ಇನ್ನೂ ಒಮ್ಮೆ ಪೂರ್ತಿ ಹೊತ್ತು ಹಿಡಿದು, ದೀಪ ಆರಿದ ಮೇಲೂ ಹತ್ತು ಸೆಕೆಂಡ್ ಕಾದು ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡ್, ನಡುವೆ ಅರ್ಧ ನಿಮಿಷ ಬಿಡುವು, ಇಲ್ಲವಾದರೆ ಸೆಲ್ಫ್ ಮೋಟಾರ್ ಸುಡುತ್ತದೆ. ಪ್ಲಗ್ ಪರೀಕ್ಷೆಗೆ ಮೇಲಿನ ವೈರ್ ಬಿಚ್ಚಿ, ಬ್ಯಾಟರಿ ಪ್ಲಸ್ಸಿನಿಂದ ಟೆಸ್ಟ್ ಬಲ್ಬ್ ಮೂಲಕ ಪ್ಲಗ್ಗಿನ ತುದಿಗೆ ಮುಟ್ಟಿಸಿ. ಬಲ್ಬ್ ಹೊತ್ತಿದರೆ ಜೀವ ಇದೆ. ಏರ್ ಎಂದಾದರೆ ಡೀಸೆಲ್ ಫಿಲ್ಟರಿನ ಮೇಲಿನ ಚಿಕ್ಕ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಕೈಪಂಪ್ ಒತ್ತುತ್ತಾ ಹೋಗಿ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಧಾರೆ. ಧಾರೆ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಮತ್ತೂ ಹಿಡಿಯದಿದ್ದರೆ ನೋಝಲಿನ ನಟ್ಟುಗಳನ್ನು ಅರ್ಧ ಸುತ್ತು ಬಿಟ್ಟು ಸೆಲ್ಫ್ ಹೊಡೆದು, ಡೀಸೆಲ್ ಚಿಮ್ಮಿದೊಡನೆ ಬಿಗಿಯಿರಿ. ಚಿಮ್ಮುವ ಕಡೆ ಕೈ ಒಡ್ಡಬೇಡಿ, ಆ ಒತ್ತಡ ಚರ್ಮದೊಳಗೆ ಹೋಗುತ್ತದೆ. ಮತ್ತೆ ಮತ್ತೆ ಏರ್ ಹಿಡಿದರೆ ಟ್ಯಾಂಕಿನಿಂದ ಬರುವ ಹಳೆಯ ರಬ್ಬರ್ ಪೈಪಿನ ಬಿರುಕನ್ನು ಹುಡುಕಿ.

ಹತ್ತುವಾಗ ಬಿಸಿ, ಇಳಿಯುವಾಗ ಬ್ರೇಕು. ಟೆಂಪರೇಚರ್ ಮುಳ್ಳು ಮುಕ್ಕಾಲು ದಾಟಿದರೆ ಗೇರ್ ಇಳಿಸಿ, ಆಕ್ಸಿಲರೇಟರ್ ಸಡಿಲಿಸಿ, ಕ್ಯಾಬಿನಿಗೆ ಬಿಸಿಗಾಳಿ ಕೊಡುವ ಹೀಟರ್ ಇದ್ದರೆ ಪೂರ್ತಿ ತಿರುಗಿಸಿ. ಮತ್ತೂ ಏರಿದರೆ ಸಮತಟ್ಟಿನಲ್ಲಿ ನಿಲ್ಲಿಸಿ. ಫ್ಯಾನ್ ಬೆಲ್ಟ್ ಸರಿಯಿದ್ದು ನೀರು ಸೋರದಿದ್ದರೆ ಎರಡು ಮೂರು ನಿಮಿಷ ಐಡಲಿನಲ್ಲಿ ಓಡಲಿ, ಬೆಲ್ಟ್ ತುಂಡಾಗಿದ್ದರೆ ಕೂಡಲೇ ಆಫ್. ರೇಡಿಯೇಟರಿನ ಮುಚ್ಚಳ ಕೈಗೆ ಬಿಸಿ ತಾಗದಷ್ಟು ತಣಿಯುವವರೆಗೆ ಮುಟ್ಟಬಾರದು.

ಇಳಿಯುವಾಗ ಲಾರಿಯವರ ಮಾತು ಪಾಲಿಸಿ: ಹತ್ತಲು ಯಾವ ಗೇರೋ ಇಳಿಯಲೂ ಅದೇ. ತಾಳವಾಡಿಯಿಂದ ಬಣ್ಣಾರಿಗೆ ಇಳಿಯುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಮೇಲೆಯೇ ಎರಡನೇ ಗೇರಿಗೆ ಹಾಕಿ ಇಳಿಯಿರಿ. ಬ್ರೇಕನ್ನು ಚಿಕ್ಕದಾಗಿ, ಗಟ್ಟಿಯಾಗಿ ಒತ್ತಿ ಬಿಡಿ. ಕಾಲು ಇಟ್ಟುಕೊಂಡೇ ಇಳಿದರೆ ಲೈನರ್ ಸುಟ್ಟ ವಾಸನೆ ಬರುತ್ತದೆ. ಆ ವಾಸನೆ ಮೊದಲು ಗೊತ್ತಾಗುವುದು ಪಕ್ಕದ ಸೀಟಿನವರಿಗೆ, ಹೇಳಲು ಸಂಕೋಚ ಬೇಡ. ಡೀಸೆಲ್ ಉಳಿಸಲು ಎಂಜಿನ್ ಆಫ್ ಮಾಡುವ ಚಟ ಕೆಲವರಿಗಿದೆ. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಎಂಜಿನಿನ ಪಂಪಿನಿಂದ ಬರುತ್ತದೆ, ಆಫ್ ಮಾಡಿದರೆ ಎರಡು ಮೂರು ಒತ್ತಿಗೆ ಪೆಡಲ್ ಕಲ್ಲಾಗುತ್ತದೆ. ನಮ್ಮ ತೇವದ ಗಾಳಿಯಲ್ಲಿ ಬ್ರೇಕ್ ಆಯಿಲ್ ಬೇಗ ನೀರು ಹೀರುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 205 ಡಿಗ್ರಿಗೆ ಕುದಿಯುತ್ತದೆ, ನೀರು ಸೇರಿದರೆ 140ಕ್ಕೇ. ಪೈಪಿನೊಳಗೆ ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಕಾದ ಡ್ರಮ್ಮಿಗೆ ನೀರು ಹಾಕಬೇಡಿ, ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಮರದ ಅಡೆ ಕೊಡಿ. ಅಡೆಗೆ ಹಗ್ಗ ಕಟ್ಟಿರಲಿ. ದಾರಿಯ ಕಲ್ಲು ಇಟ್ಟು ಅಲ್ಲೇ ಬಿಟ್ಟುಹೋದರೆ ರಾತ್ರಿ ಬೈಕಿನಲ್ಲಿ ಬರುವವರ ಪ್ರಾಣಕ್ಕೆ ಕುತ್ತು.

ಕಾಡಿನ ದಾರಿಗಳ ಸಮಯ ಮೊದಲೇ ತಿಳಿದಿರಿ. ಬಂಡೀಪುರ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ದಿಂಬಂನಲ್ಲೂ ರಾತ್ರಿ ನಿರ್ಬಂಧವಿದೆ. ನೀಲಗಿರಿಗೆ ಹೊರಳುವುದಾದರೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು.

ರಾತ್ರಿ ತಂಗುವ ಜಾಗವನ್ನು ಬೆಳಕಿರುವಾಗಲೇ, ನಾಲ್ಕೂವರೆಯೊಳಗೆ ಆರಿಸಬೇಕು. ಆಯ್ಕೆಗೆ ಹೆಂಗಸರ ಮಾತೇ ಕೊನೆಯ ಮಾತಾಗಲಿ. ಶೌಚಾಲಯ, ಬೆಳಕು, ಸುತ್ತಲಿನ ಜನ, ಈ ಮೂರನ್ನು ಅವರು ತೂಗುವಷ್ಟು ಸರಿಯಾಗಿ ಗಂಡಸರು ತೂಗುವುದಿಲ್ಲ. ಪೆಟ್ರೋಲ್ ಪಂಪಿನಲ್ಲಿ ಡೀಸೆಲ್ ಹಾಕಿಸಿ ಕೇಳಿದರೆ ಒಂದು ಮೂಲೆ ಸಿಗುತ್ತದೆ. ಕೇರಳದಲ್ಲಿ ಟೇಕ್ ಎ ಬ್ರೇಕ್ ಎಂಬ ಸರಕಾರಿ ಶೌಚಾಲಯಗಳಿವೆ. ಆರು ಪಥವಾಗುತ್ತಿರುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಪಂಪು, ಅಂಗಡಿ ಎಲ್ಲ ಸರ್ವಿಸ್ ರಸ್ತೆಗೆ ಸೇರಿವೆ. ಇಳಿಯುವ ದಾರಿ ತಪ್ಪಿದರೆ ಮುಂದಿನದು ಬರುವವರೆಗೆ ಹೋಗಲೇಬೇಕು, ನಕ್ಷೆ ನೋಡುವವರು ಎರಡು ಕಿಲೋಮೀಟರ್ ಮೊದಲೇ ಹೇಳಬೇಕು.

ನಿಲ್ಲಿಸುವ ನೆಲವನ್ನೂ ಓದಲು ಕಲಿಯಬೇಕು. ಕಾಸರಗೋಡಿನ ಪದವುಗಳಲ್ಲಿ, ಅಂದರೆ ಎತ್ತರದ ಬಯಲುಗಳಲ್ಲಿ, ಮುರಕಲ್ಲಿನ ನೆಲ, ಎಷ್ಟು ಮಳೆ ಬಂದರೂ ಚಕ್ರ ಹೂಳುವುದಿಲ್ಲ. ಇದೇ ಧೈರ್ಯದಲ್ಲಿ ಆದವಾನಿ, ಜತ್ತದ ಕಡೆ ಹೊಲದ ಬದಿಗೆ ಇಳಿಸಬೇಡಿ. ಎರೆಮಣ್ಣು ಒಣಗಿದಾಗ ಕಾಂಕ್ರೀಟಿನಂತೆ, ಒಂದು ಹದ ಮಳೆಗೆ ಅಂಟಾಗಿ ಚಕ್ರದ ಕಮಾನು ತುಂಬುತ್ತದೆ. ಎರಡು ದಿನ ಒಣಗುವವರೆಗೆ ಹೊರಬರಲಾಗದು. ಕಡಲ ಬದಿಯ ಹೊಯಿಗೆಯಲ್ಲಿ (ಮರಳಿನಲ್ಲಿ) ಹೂತರೆ ರೇಸ್ ಕೊಡುವುದೇ ತಪ್ಪು, ಆಕ್ಸಲಿನವರೆಗೆ ಇಳಿಯುತ್ತದೆ. ಹಿಂದಿನ ಟೈರಿನ ಗಾಳಿ 20 ಪಿಎಸ್‌ಐಗೆ ಇಳಿಸಿ, ಚಕ್ರದ ಮುಂದೆ ಹೊಯಿಗೆ ಇಳಿಜಾರಾಗಿ ತೋಡಿ, ತೆಂಗಿನ ಮಡಲನ್ನು ದಂಟು ಅಡ್ಡ ಬರುವಂತೆ ಒತ್ತಾಗಿ ಹಾಸಿ. ಎರಡನೇ ಗೇರಿನಲ್ಲಿ ನಿಧಾನ ಎಬ್ಬಿಸಿ, ಎರಡು ವಿಸಿಲ್ ಕೇಳುವವರೆಗೆ ಕ್ಲಚ್ ಬಿಡಬೇಡಿ. ಗಟ್ಟಿ ನೆಲಕ್ಕೆ ಬಂದ ಕೂಡಲೇ ಮತ್ತೆ ಗಾಳಿ ತುಂಬಿ.

ಇಬ್ಬರಿಗೂ ಡ್ರೈವಿಂಗ್ ಬರಬೇಕು, ಲೈಸೆನ್ಸ್ ಬೇಕು. ಒಂದೂವರೆ ಗಂಟೆಗೊಮ್ಮೆ ಸೀಟು ಬದಲಾಯಿಸಿ. ಒಬ್ಬರು ಸ್ಟೇರಿಂಗ್ ಬಿಟ್ಟುಕೊಡದೆ ಕೂತರೆ ಇನ್ನೊಬ್ಬರ ಕೈ ಅಭ್ಯಾಸ ತಪ್ಪುತ್ತದೆ, ಬೇಕಾದ ದಿನ ಅದು ಒದಗುವುದಿಲ್ಲ. ಓಡಿಸುವವರ ಓಟದ ಬಗ್ಗೆ ಪಕ್ಕದವರು ಹೇಳಬಹುದಾದದ್ದು ಮೂರೇ: ವಾಸನೆ, ಸದ್ದು, ಮುಳ್ಳು. ಉಳಿದ ಟೀಕೆ ನಿಂತ ಮೇಲೆ, ಚಾ ಕುಡಿದ ಮೇಲೆ. ಸಂಜೆ ಯಾರು ಓಡಿಸಲಿಲ್ಲವೋ ಅವರು ಗಾಡಿ ಸುತ್ತ ನಡೆದು ಚಕ್ರದ ಹಬ್ ಮುಟ್ಟಿ ನೋಡಲಿ. ಒಂದು ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಅಲ್ಲಿ ಬೇರಿಂಗೋ ಅಂಟಿಕೊಂಡ ಬ್ರೇಕೋ ಇದೆ. ಕಿಲೋಮೀಟರ್, ಡೀಸೆಲ್, ಆಯಿಲ್ ಮಟ್ಟ, ಕೇಳಿದ ಹೊಸ ಸದ್ದು, ಒಂದು ನೋಟ್ ಪುಸ್ತಕದಲ್ಲಿ ದಿನ ಬಿಟ್ಟು ದಿನ ಇಬ್ಬರ ಅಕ್ಷರವೂ ಬರಲಿ. ದಿನವಿಡೀ ಹತ್ತಡಿ ಜಾಗದಲ್ಲಿರುವವರಿಗೆ ಒಂಟಿ ಹೊತ್ತೂ ಬೇಕು. ವಿರಾಮದ ದಿನ ಒಬ್ಬರು ಪೇಟೆಗೆ ಹೋಗಲಿ, ಒಬ್ಬರು ವ್ಯಾನಿನಲ್ಲಿ ಮಲಗಲಿ, ಎಲ್ಲಿಗೆ ಎಷ್ಟು ಹೊತ್ತು ಎಂದು ಕೇಳದೆ.

ಕರ್ನಾಟಕ-ಕೇರಳ ಗಡಿಯ ತಲಪಾಡಿ ದಾಟುವ ಮೊದಲು ಡೀಸೆಲ್ ತುಂಬಿಸಿಕೊಂಡು ಮನೆಗೆ ಬಂದ ಮರುದಿನವೇ ಕೆಲಸ ಶುರು. ಚಾಸಿಸ್ಸಿನ ಅಡಿಯನ್ನು ಸಿಹಿನೀರಿನಿಂದ, ಚಕ್ರದ ಕಮಾನಿನೊಳಗೂ ಪೈಪ್ ಹಿಡಿದು ತೊಳೆಯಿರಿ. ಎರೆಮಣ್ಣು ಅಂಟಿಕೊಂಡಲ್ಲಿ ಮಳೆಗಾಲದ ತೇವ ನಿಂತು ತುಕ್ಕು ಹಿಡಿಯುತ್ತದೆ. ಸಿಲಿಂಡರ್ ಹೊರಗೆ ತೆಗೆಯಿರಿ. ಹಾಸಿಗೆ ಎರಡು ದಿನ ಬಿಸಿಲಿಗೆ. ಹಿಂದಿನ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಮೈನಸ್ ವೈರ್ ಕಳಚಿ. ನೀರಿನ ಟ್ಯಾಂಕ್ ಖಾಲಿ ಮಾಡಿ, ಪಂಪನ್ನು ಗಾಳಿ ಬರುವವರೆಗೆ ಓಡಿಸಿ, ನಲ್ಲಿ ತೆರೆದಿಡಿ. ಟ್ಯಾಂಕಿನ ಮುಚ್ಚಳವನ್ನೂ ಬಿಗಿಯಬೇಡಿ, ಹಲ್ಲಿ ಇಳಿಯದಂತೆ ಬಾಯಿಗೆ ತೆಳು ಬೈರಾಸು ಕಟ್ಟಿದರೆ ಸಾಕು.